ಜಾತ್ರೆ ಟವರ್, ಬಿಡದಿ ಟವರ್, ಖೋಪೋಲಿ ಟವರ್: ಯಾವುದು ನಿಜವಾಗಿ ಬೀಳಿಸುತ್ತದೆ?

ಡ್ರಾಪ್ ಟವರ್, ಅಂದರೆ ಕೂತವರನ್ನು ಎತ್ತರದ ಕಂಬದ ತುದಿಗೆ ಎತ್ತಿ ಕೆಳಗೆ ಬಿಡುವ ಆಟ, ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ. "ಎಷ್ಟು ಅಡಿ ಎತ್ತರ?" ಬೇರೆ ಬೇರೆ ಊರಿನ ಟವರ್‌ಗಳಲ್ಲಿ ಕೂತು ಬಂದ ಮೇಲೆ ನನಗನ್ನಿಸಿದ್ದು, ಮೊದಲು ಕೇಳಬೇಕಾದ್ದು ಅದಲ್ಲ. ಮೇಲೆ ಹೋದ ಮೇಲೆ ನಿಜವಾಗಿ ಕೈಬಿಡುತ್ತಾರಾ, ಇಲ್ಲಾ ಹಿಡಿದುಕೊಂಡೇ ಇಳಿಸುತ್ತಾರಾ? ಕೆಳಗೆ ಬರುವಾಗ ನಮ್ಮನ್ನು ನಿಲ್ಲಿಸುವುದು ಯಾವುದು? ಈ ಎರಡಕ್ಕೆ ಉತ್ತರ ಸಿಕ್ಕರೆ ಆ ಟವರ್ ಹತ್ತಬೇಕೋ ಬೇಡವೋ ಅನ್ನುವುದು ಗೊತ್ತಾಗುತ್ತದೆ.

ತುಮಕೂರಿನವರಿಗೆ ಈ ಹೋಲಿಕೆ ಉಪಯೋಗಕ್ಕೆ ಬರಬಹುದು. ನಮ್ಮ ಕಡೆ ಈ ಆಟ ಮೊದಲು ಸಿಗುವುದು ಜಾತ್ರೆಯಲ್ಲೋ ಎಕ್ಸಿಬಿಷನ್‌ನಲ್ಲೋ. ಆಮೇಲೆ ಶಾಲೆ, ಕಾಲೇಜಿನ ಟ್ರಿಪ್ಪಿನಲ್ಲಿ ಬಿಡದಿಯ ವಂಡರ್‌ಲಾ ಪಾರ್ಕು. ಇನ್ನೂ ಹುಚ್ಚಿರುವವರು ಮುಂಬೈ, ಪುಣೆ ನಡುವಿನ ಖೋಪೋಲಿ ಕಡೆ ಹೋಗುತ್ತಾರೆ. ನಾನು ಹೋಗಿದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಮೊದಲು ಜಾತ್ರೆ ಟವರ್. ಜೈಂಟ್ ವ್ಹೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್ ಪಕ್ಕದಲ್ಲಿ ಲೈಟು ಸುತ್ತಿಕೊಂಡು ನಿಂತಿರುತ್ತದೆ ನೋಡಿ, ಅದು. ಲಾರಿಯಲ್ಲಿ ತುಂಡು ತುಂಡಾಗಿ ಬರುತ್ತದೆ. ಎರಡು ಮೂರು ದಿನದಲ್ಲಿ ಜೋಡಿಸುತ್ತಾರೆ. ಕಂಬದ ಸುತ್ತ ಸೀಟು, ಮೇಲೆ ರಾಟೆ, ಕೆಳಗೆ ಮೋಟರು, ನಡುವೆ ಉಕ್ಕಿನ ಹಗ್ಗ. ನಾನು ಕೂತಿದ್ದರಲ್ಲಿ ಸೀಟು ಮೇಲೆ ಹೋಗಿ ಒಂದು ಕ್ಷಣ ನಿಂತಿತು. ಸ್ವಲ್ಪ ಜಾರಿತು, ಮತ್ತೆ ನಿಂತಿತು, ಮತ್ತೆ ಜಾರಿತು. ಹೀಗೆ ಕುಲುಕಿ ಕುಲುಕಿ ಕೆಳಗೆ ತಂದಿತು. ಸುತ್ತ ಕೂತವರು ಕಿರುಚಿದರು, ನಾನೂ ಕಿರುಚಿದೆ. ಆದರೆ ಅದು ಬೀಳುವುದಲ್ಲ. ಬಾವಿಗೆ ಹಗ್ಗ ಹಿಡಿದು ಇಳಿಸಿದ ಬಿಂದಿಗೆಗೂ ಕೈಜಾರಿ ಬಿದ್ದ ಬಿಂದಿಗೆಗೂ ಎಷ್ಟು ವ್ಯತ್ಯಾಸವೋ ಅಷ್ಟೇ ವ್ಯತ್ಯಾಸ. ಹಗ್ಗ ಬಿಗಿಯಾಗೇ ಇರುವಷ್ಟು ಹೊತ್ತು ಸೀಟು ನಮ್ಮನ್ನು ಹೊತ್ತುಕೊಂಡೇ ಇರುತ್ತದೆ. ಹೊಟ್ಟೆಯಲ್ಲಿ ಆಗಬೇಕಾದ್ದು ಆಗುವುದಿಲ್ಲ.

ಆ ಹೊಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಆಟದ ಜೀವವೇ ಅದು. ನಾವು ನಿಂತಾಗ, ಕೂತಾಗ ನೆಲವೋ ಕುರ್ಚಿಯೋ ನಮ್ಮನ್ನು ಕೆಳಗಿನಿಂದ ಒತ್ತಿ ಹಿಡಿದಿರುತ್ತದೆ. ಹೊಟ್ಟೆಯೊಳಗಿನ ಅಂಗಗಳೂ ಹಾಗೇ ಒಂದರ ಮೇಲೊಂದು ಭಾರ ಬಿಟ್ಟುಕೊಂಡು ಕೂತಿರುತ್ತವೆ. ಸೀಟು ನಮ್ಮಷ್ಟೇ ವೇಗದಲ್ಲಿ ಬೀಳತೊಡಗಿದಾಗ ಆ ಒತ್ತಡ ಒಮ್ಮೆಲೇ ಇಲ್ಲವಾಗುತ್ತದೆ. ಅಂಗಗಳು ಕೊಂಚ ಮೇಲೆ ಸರಿಯುತ್ತವೆ. ಕಿವಿಯೊಳಗೆ ಭಾರ ಅಳೆಯುವ ಭಾಗವೂ ಗಾಬರಿಯಾಗುತ್ತದೆ. ಹೊಟ್ಟೆ ಗಂಟಲಿಗೆ ಬಂತು ಅನ್ನುತ್ತೇವಲ್ಲ, ಅದು ಇದು. ಅರ್ಧಂಬರ್ಧ ಬಿಟ್ಟರೆ ಅರ್ಧಂಬರ್ಧವೇ ಆಗುತ್ತದೆ.

ಹಾಗಂತ ಜಾತ್ರೆ ಟವರ್‌ಗೆ ಅರ್ಥವೇ ಇಲ್ಲ ಅನ್ನುವುದಿಲ್ಲ. ಮೇಲಿನಿಂದ ಕಾಣುವ ಜಾತ್ರೆ ಬಹಳ ಚೆನ್ನ. ಬಳೆ ಅಂಗಡಿ ಸಾಲು, ಬೆಂಡು ಬತ್ತಾಸಿನ ರಾಶಿ, ತೇರಿನ ತುದಿ, ಎಲ್ಲ ಒಟ್ಟಿಗೆ ಕಾಣುತ್ತದೆ. ದೊಡ್ಡ ಪಾರ್ಕಿನ ಖರ್ಚು ಎಲ್ಲರ ಕೈಗೆಟುಕುವುದಿಲ್ಲ, ಅದೂ ನಿಜ. ನನ್ನ ತಕರಾರು ಮಜಾದ್ದಲ್ಲ, ಸುರಕ್ಷತೆಯದ್ದು. ಜಿಲ್ಲೆಯ ಒಂದು ಜಾತ್ರೆಯಲ್ಲಿ ನನ್ನ ಪಕ್ಕದ ಸೀಟಿನ ಬೆಲ್ಟಿಗೆ ಬಕಲ್ಲೇ ಇರಲಿಲ್ಲ. ಗಂಟು ಹಾಕಿದ್ದರು. ಅಲ್ಲಿ ಕೂತಿದ್ದು ಹೈಸ್ಕೂಲಿನ ಹುಡುಗಿ. ಆಪರೇಟರ್‌ಗೆ ಹೇಳಿದರೆ "ಏನೂ ಆಗಲ್ಲ ಸಾರ್, ದಿನಾ ಓಡಿಸ್ತೀವಿ" ಅಂದ. ಹುಡುಗಿಯನ್ನು ಇಳಿಸಿ ಅಂತ ನಾನು ಪಟ್ಟು ಹಿಡಿದ ಮೇಲೆ ಇಳಿಸಿದರು.

ಇದನ್ನು ಸುಮ್ನೆ ಹೇಳುತ್ತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಮೊಹಾಲಿಯ ಮೇಳವೊಂದರಲ್ಲಿ ಇಂಥದೇ ಟವರ್‌ನ ಸೀಟುಗಳು ಜನರ ಸಮೇತ ನೇರ ನೆಲಕ್ಕೆ ಬಂದು ಅಪ್ಪಳಿಸಿದವು. ಹತ್ತಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಆ ವಿಡಿಯೊ ನೋಡಿದವರಿಗೆ ನೆನಪಿರಬಹುದು. ಜಾತ್ರೆ ಟವರ್‌ನಲ್ಲಿ ಎತ್ತುವುದೂ ಅದೇ ಹಗ್ಗ, ನಿಲ್ಲಿಸುವುದೂ ಅದೇ ಹಗ್ಗ ಆಗಿದ್ದರೆ, ಆ ಹಗ್ಗವೋ ಮೋಟರಿನ ಬ್ರೇಕೋ ಕೈಕೊಟ್ಟ ದಿನ ತಡೆಯಲು ಬೇರೆ ಏನೂ ಉಳಿಯುವುದಿಲ್ಲ. ನನ್ನ ಎರಡನೇ ಪ್ರಶ್ನೆ ಹುಟ್ಟಿದ್ದು ಇಲ್ಲೇ.

ಪಾರ್ಕಿನ ಒಳ್ಳೆಯ ಡ್ರಾಪ್ ಟವರ್‌ನಲ್ಲಿ ಆ ಪ್ರಶ್ನೆಗೆ ಚಂದದ ಉತ್ತರವಿದೆ. ಎತ್ತುವ ವ್ಯವಸ್ಥೆ ಬೇರೆ, ನಿಲ್ಲಿಸುವ ವ್ಯವಸ್ಥೆ ಬೇರೆ. ಮೇಲೆ ಎತ್ತಿದ ಕೊಂಡಿ ಬಿಟ್ಟುಕೊಂಡ ಮೇಲೆ ಸೀಟು ತನ್ನ ಪಾಡಿಗೆ ಬೀಳುತ್ತದೆ. ಕೆಳಗೆ ಬಂದಾಗ ಶಕ್ತಿಯುತ ಅಯಸ್ಕಾಂತಗಳ ಮಧ್ಯೆ ತಾಮ್ರದಂಥ ಲೋಹದ ಪಟ್ಟಿ ಹಾದುಹೋಗುತ್ತದೆ. ಹಾಗೆ ಹಾದಾಗ ಲೋಹದೊಳಗೆ ಸುಳಿ ಸುಳಿಯಾಗಿ ಕರೆಂಟು ಹುಟ್ಟಿ, ಬೀಳುವ ವೇಗವನ್ನು ಅದೇ ತಡೆಯುತ್ತದೆ. ಒಂದಕ್ಕೊಂದು ಮುಟ್ಟುವುದೇ ಇಲ್ಲ, ಸವೆಯುವುದಿಲ್ಲ. ಊರಿಗೇ ಕರೆಂಟು ಹೋದರೂ ಈ ಬ್ರೇಕ್ ಕೆಲಸ ಮಾಡುತ್ತದೆ. ವೇಗ ಜಾಸ್ತಿ ಇದ್ದಷ್ಟೂ ತಡೆಯೂ ಜಾಸ್ತಿ. ಅದಕ್ಕೇ ಕೊನೆಯಲ್ಲಿ ಸೀಟು ಗಕ್ಕನೆ ನಿಲ್ಲದೆ ಮೆಲ್ಲಗೆ ಇಳಿದು ಕೂರುತ್ತದೆ. ಇದನ್ನು ತಿಳಿದುಕೊಂಡ ಮೇಲೆ ನನಗೆ ಈ ಆಟದ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು.

ಈಗ ಖೋಪೋಲಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿರ 2013ರಲ್ಲಿ ಶುರುವಾದ ಇಮ್ಯಾಜಿಕಾ ಪಾರ್ಕಿನಲ್ಲಿ ಡೇರ್ ಡ್ರಾಪ್ ಅನ್ನುವ ಟವರ್ ಇದೆ. ಎತ್ತರ 132 ಅಡಿ, ಅಂದರೆ ಸುಮಾರು 40 ಮೀಟರ್. ನಾನು ಕೂತವುಗಳಲ್ಲಿ ಬೀಳುವ ಅನುಭವಕ್ಕೆ ಇದೇ ಮೊದಲನೆಯದು. ಮೇಲೆ ಹೋಗುವಾಗ ಸದ್ದು ಕಡಿಮೆ. ಸುತ್ತ ಸಹ್ಯಾದ್ರಿಯ ಗುಡ್ಡಗಳು. ತುದಿಯಲ್ಲಿ ನಿಲ್ಲಿಸುತ್ತಾರೆ. ಆ ಕಾಯುವಿಕೆ ಇದೆಯಲ್ಲ, ಅದು ಈ ಆಟದ ಅರ್ಧ ಪಾಲು. ಯಾವಾಗ ಬಿಡುತ್ತಾರೆ ಅನ್ನುವುದು ಗೊತ್ತಿರುವುದಿಲ್ಲ. ಮಧುಗಿರಿ ಬೆಟ್ಟ ಹತ್ತಿ ಅಭ್ಯಾಸ ಇರುವವನು ನಾನು, ಅಲ್ಲಿ ಇದಕ್ಕಿಂತ ಎಷ್ಟೋ ಎತ್ತರದಲ್ಲಿ ಬಂಡೆಯ ಅಂಚಿನಲ್ಲಿ ಕೂತಿದ್ದೇನೆ. ಹೆದರಿಕೆ ಆಗಿಲ್ಲ. ಅಲ್ಲಿ ಕಾಲ ಕೆಳಗೆ ಕಲ್ಲಿರುತ್ತದೆ, ಇಲ್ಲಿ ಕಾಲು ಗಾಳಿಯಲ್ಲಿ ತೂಗಾಡುತ್ತಿರುತ್ತವೆ. ಬಿಟ್ಟಾಗ ಮೊದಲ ಗಳಿಗೆಯಲ್ಲಿ ಕಿರುಚಲೂ ಆಗಲಿಲ್ಲ. ಕಿರುಚುವ ಹೊತ್ತಿಗೆ ಬ್ರೇಕ್ ಹಿಡಿದಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ತಡೆಯಿಲ್ಲದೆ ಬೀಳುವ ವಸ್ತು ಮೊದಲ 1 ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. 2 ಸೆಕೆಂಡ್ ಬೀಳಬೇಕಾದರೆ 20 ಮೀಟರ್ ಬೇಕು. 3 ಸೆಕೆಂಡಿಗೆ 44 ಮೀಟರ್. ಅಂದರೆ ಬೀಳುವ ಹೊತ್ತು ಎರಡರಷ್ಟು ಬೇಕಾದರೆ ಎತ್ತರ ನಾಲ್ಕರಷ್ಟು ಬೇಕು. 40 ಮೀಟರ್ ಟವರ್‌ನಲ್ಲಿ ಬ್ರೇಕಿಗೆ ಬೇಕಾದ ಜಾಗ ಬಿಟ್ಟರೆ ನಿಜವಾಗಿ ಬೀಳುವುದು 2 ಸೆಕೆಂಡಿನ ಆಚೆ ಈಚೆ. ಅಷ್ಟರಲ್ಲೇ ವೇಗ ಗಂಟೆಗೆ 70 ಕಿಲೋಮೀಟರ್ ದಾಟುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 2014ರಲ್ಲಿ ಜುಮಾಂಜಾರೊ ಅಂತ 415 ಅಡಿಯ ಟವರ್ ಕಟ್ಟಿದ್ದರು. ಜಗತ್ತಿನಲ್ಲೇ ಎತ್ತರದ್ದು ಅನ್ನಿಸಿಕೊಂಡಿತ್ತು, ಈಗ ಅದಿಲ್ಲ. ಖೋಪೋಲಿಯದಕ್ಕಿಂತ ಮೂರು ಪಟ್ಟು ಎತ್ತರ. ಬೀಳುವ ಹೊತ್ತು ಮಾತ್ರ ಎರಡು ಪಟ್ಟೂ ಆಗುವುದಿಲ್ಲ. ಎತ್ತರವನ್ನೇ ಹಿಡಿದು ಕೂರಬೇಡಿ ಅಂತ ನಾನು ಹೇಳುವುದಕ್ಕೆ ಕಾರಣ ಇದು. 20 ಮೀಟರ್ ಪೂರ್ತಿ ಬಿಡುವ ಟವರ್, 40 ಮೀಟರ್ ಎತ್ತರದಿಂದ ಹಿಡಿದು ಹಿಡಿದು ಇಳಿಸುವ ಟವರ್‌ಗಿಂತ ಎಷ್ಟೋ ಮೇಲು.

ಮುಂಬೈನ ಎಸ್ಸೆಲ್ ವರ್ಲ್ಡ್‌ನಲ್ಲಿ ಶಾಟ್ ಎನ್ ಡ್ರಾಪ್ ಅಂತ ಒಂದಿತ್ತು. ಆ ಪಾರ್ಕ್ 2022ರಲ್ಲಿ ಮುಚ್ಚಿತು, ಹಾಗಾಗಿ ಜಾಸ್ತಿ ಹೇಳಿ ಪ್ರಯೋಜನವಿಲ್ಲ. ಆದರೆ ಕೆಳಗಿನಿಂದ ಮೇಲಕ್ಕೆ ಚಿಮ್ಮಿಸುವ ಜಾತಿಯ ಟವರ್‌ಗಳ ಬಗ್ಗೆ ಒಂದು ಮಾತು. ಇವುಗಳಲ್ಲಿ ಬಹಳಷ್ಟು ಒತ್ತಿಟ್ಟ ಗಾಳಿಯ ಬಲದಿಂದ ಓಡುತ್ತವೆ. ಚಿಮ್ಮುವಾಗ ಸೀಟಿಗೆ ಒತ್ತಿ ಹಿಡಿದಂತಾಗುತ್ತದೆ, ತುದಿ ಮುಟ್ಟಿದಾಗ ಮೈ ಹಗುರ. ಆಮೇಲೆ ಚೆಂಡಿನಂತೆ ಪುಟಿಯುವುದೇ ಆಟ. ಮಜಾ ಇದೆ, ಆದರೆ ಮೇಲೆ ನಿಂತು ಕಾಯುವ ಆ ಭಯ ಇಲ್ಲ. ಎತ್ತರದ ಹೆದರಿಕೆ ಇರುವವರಿಗೆ ಇದೇ ಸುಲಭ. ಯೋಚನೆ ಮಾಡುವಷ್ಟರಲ್ಲಿ ಮುಗಿದಿರುತ್ತದೆ.

ಇನ್ನು ಬಿಡದಿ. ಮೈಸೂರು ರಸ್ತೆಯ ವಂಡರ್‌ಲಾ, 2005ರಿಂದ ಇದೆ. ತುಮಕೂರಿನಿಂದ ನೆಲಮಂಗಲದ ಮೇಲೆ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಒಳಗೆ ಸಿಕ್ಕಿಕೊಳ್ಳದೆ ಹೋಗಬಹುದು. ಕುಣಿಗಲ್, ಮಾಗಡಿ ಮೇಲಿನ ದಾರಿಯೂ ಇದೆ, ನನಗೆ ಅದೇ ಇಷ್ಟ. ಬೆಳಗ್ಗೆ ಹೊರಟು ರಾತ್ರಿ ಮನೆಗೆ ಬರಬಹುದು. ಖೋಪೋಲಿ ಹಾಗಲ್ಲ. ನಮ್ಮೂರ ಪಕ್ಕದ 48ನೇ ಹೆದ್ದಾರಿಯೇ ಪುಣೆಗೆ ಹೋಗುತ್ತದೆ ನಿಜ, ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಬರೀ ಒಂದು ಟವರ್‌ಗಾಗಿ ಅಷ್ಟು ದೂರ ಹೋಗಿ ಅಂತ ಯಾರಿಗೂ ಹೇಳಲಾರೆ.

ಬಿಡದಿಯ ಟವರ್ ಖೋಪೋಲಿಯಷ್ಟು ಗಾಢವಾಗಿ ನನ್ನನ್ನು ಹಿಡಿಯಲಿಲ್ಲ. ಮೇಲಿನ ಕಾಯುವಿಕೆಯೂ ನನಗೆ ಕಡಿಮೆ ಅನ್ನಿಸಿತು. ಆದರೂ ಹೊಟ್ಟೆ ಗಂಟಲಿಗೆ ಬರುವುದಂತೂ ಖಂಡಿತ, ಜಾತ್ರೆಯದಕ್ಕೆ ಇದನ್ನು ಹೋಲಿಸುವ ಹಾಗೇ ಇಲ್ಲ. ನನಗೆ ಅಲ್ಲಿ ತುಂಬ ಹಿಡಿಸಿದ್ದು ಕೂರಿಸುವ ರೀತಿ. ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಸಾಲಿನ ಬಾಯಲ್ಲೇ ಎತ್ತರ ಅಳೆದರು. ಅವನು ಒಂದು ಬೆರಳಷ್ಟು ಕಮ್ಮಿ. "ಮಾಮ, ಶೂ ಹಾಕ್ಕೊಂಡ್ರೆ ಸರಿ ಹೋಗುತ್ತೆ, ಹೇಳು ಮಾಮ" ಅಂತ ಅತ್ತ. ಅಲ್ಲಿಯ ಹುಡುಗ ಸಮಾಧಾನವಾಗಿಯೇ ಇಲ್ಲ ಅಂದ. ನನಗೆ ಆ ಹುಡುಗನ ಮೇಲೆ ಗೌರವ ಬಂತು. ಸೀಟಿನಲ್ಲಿ ಕೂತವರ ಮೈಯನ್ನು ಹಿಡಿದಿಡುವ ಲಾಕುಗಳನ್ನೂ ಒಬ್ಬೊಬ್ಬರದಾಗಿ ಕೈಯಿಂದ ಎಳೆದು ನೋಡಿದರು.

ಅಳತೆ ಯಾಕೆ ಅಷ್ಟು ಮುಖ್ಯ ಅನ್ನುವವರಿಗೆ 2022ರ ಮಾರ್ಚ್‌ನಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ನಡೆದದ್ದು ಗೊತ್ತಿರಲಿ. 430 ಅಡಿಯ ಹೊಸ ಟವರ್, ಎಲ್ಲ ಆಧುನಿಕ. ಬ್ರೇಕ್ ಹಿಡಿದಾಗ 14 ವರ್ಷದ ಹುಡುಗ ಸೀಟಿನಿಂದ ಜಾರಿ ಬಿದ್ದು ಸತ್ತ. ಲಾಕು ಸರಿಯಾಗಿ ಕೂತಿದೆಯಾ ಅಂತ ನೋಡುವ ಆ ಸೀಟಿನ ಸೆನ್ಸರನ್ನು ಕೈಯಿಂದ ಹೊಂದಿಸಿದ್ದರು, ಹಾಗಾಗಿ ಲಾಕಿಗೂ ಸೀಟಿಗೂ ನಡುವೆ ಇರಬೇಕಾದ್ದಕ್ಕಿಂತ ಜಾಸ್ತಿ ಜಾಗ ಇತ್ತು. ಆ ಟವರನ್ನು ಆಮೇಲೆ ಕಿತ್ತುಹಾಕಿದರು. ಮೊಹಾಲಿಯಲ್ಲಿ ಸೀಟೇ ಬಿತ್ತು, ಒರ್ಲ್ಯಾಂಡೊದಲ್ಲಿ ಸೀಟು ಸರಿಯಾಗಿಯೇ ನಿಂತಿತು, ಹುಡುಗ ನಿಲ್ಲಲಿಲ್ಲ. ಲಾಕು ಮೈಗೆ ಅಂಟಿಕೊಂಡಂತೆ ಕೂರಬೇಕು. ಸಣ್ಣವರಿಗೂ ಬಹಳ ದಪ್ಪ ಇರುವವರಿಗೂ ಬೇಡ ಅಂದರೆ ಬೇಜಾರು ಮಾಡಿಕೊಳ್ಳದೆ ಸಾಲಿನಿಂದ ಹೊರಗೆ ಬನ್ನಿ.

ಹಾಗಾದರೆ ನನ್ನ ಆಯ್ಕೆ ಯಾವುದು? ಬೀಳುವ ಸುಖಕ್ಕೆ ಖೋಪೋಲಿ, ಎರಡು ಮಾತಿಲ್ಲ. ಮುಂಬೈಗೋ ಪುಣೆಗೋ ಬೇರೆ ಕೆಲಸದ ಮೇಲೆ ಹೋಗುವವರು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚೆನ್ನಾಗಿರುತ್ತದೆ, ಆದರೆ ಜೋರು ಮಳೆ, ಗಾಳಿ ಬಂದರೆ ಇಂಥ ಆಟ ನಿಲ್ಲಿಸುತ್ತಾರೆ. ನಮ್ಮೂರಿನವರಿಗೆ, ಮನೆಮಂದಿಯ ಜೊತೆ ಹೋಗುವವರಿಗೆ ಬಿಡದಿ. ಜಾತ್ರೆ ಟವರ್ ನನ್ನ ಪಟ್ಟಿಯಲ್ಲಿ ಕೊನೆಗೆ, ಅದೂ ಷರತ್ತಿನ ಮೇಲೆ.

ಷರತ್ತು ಏನಂದರೆ, ಟಿಕೆಟ್ ತೆಗೆದುಕೊಳ್ಳುವ ಮೊದಲು ಒಂದು ಸುತ್ತು ನಿಂತು ನೋಡಿ. ಕಂಬದ ಬುಡ ಗಟ್ಟಿ ನೆಲದ ಮೇಲಿದೆಯಾ, ಮೆತ್ತನೆ ಮಣ್ಣಿನಲ್ಲಿ ಹಲಗೆ ಸಿಕ್ಕಿಸಿ ನಿಲ್ಲಿಸಿದ್ದಾರಾ? ಸೀಟು ಇಳಿಯುವಾಗ ಕಂಬ ತೂಗುತ್ತದಾ? ಹಗ್ಗದಲ್ಲಿ ಎಳೆ ಬಿಚ್ಚಿಕೊಂಡಿದೆಯಾ? ಎಲ್ಲ ಸೀಟಿಗೂ ಬೆಲ್ಟು, ಬಕಲ್ಲು ಇದೆಯಾ, ಹಾಕಿದ ಮೇಲೆ ಯಾರಾದರೂ ಬಂದು ಎಳೆದು ನೋಡುತ್ತಾರಾ? ಆಪರೇಟರ್ ಫೋನ್ ನೋಡಿಕೊಂಡು ಸ್ವಿಚ್ ಒತ್ತುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಅನುಮತಿ ಪತ್ರ ತೋರಿಸಿ ಅಂತ ಕೇಳುವುದಕ್ಕೂ ಸಂಕೋಚ ಬೇಡ. ಮಕ್ಕಳನ್ನು ಕೂರಿಸುವವರು ನಾವು, ಕೇಳುವ ಹಕ್ಕು ನಮಗಿದೆ ಅಲ್ವಾ?

ಯಾವ ಟವರ್ ಆದರೂ ಹೃದಯದ ತೊಂದರೆ, ಬಿಪಿ, ಬೆನ್ನು, ಕುತ್ತಿಗೆ ನೋವು ಇರುವವರು, ಬಸುರಿಯರು ಹತ್ತಲೇಬಾರದು. ಕನ್ನಡಕ, ಮೊಬೈಲು, ಜೇಬಿನ ಚಿಲ್ಲರೆ ಕೆಳಗೇ ಬಿಡಿ. ತಲೆಯನ್ನು ಸೀಟಿಗೆ ಒರಗಿಸಿಕೊಳ್ಳಿ, ಬ್ರೇಕ್ ಹಿಡಿದಾಗ ಕುತ್ತಿಗೆಗೆ ಏಟಾಗುವುದಿಲ್ಲ. ಕ್ಯಾತ್ಸಂದ್ರದಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು ಹೊರಟವರು ಪಾರ್ಕಿಗೆ ಹೋದ ತಕ್ಷಣ ಟವರ್ ಹತ್ತಬೇಡಿ, ಸಣ್ಣ ಪುಟ್ಟ ಆಟ ಮುಗಿಸಿ ಒಂದೆರಡು ಗಂಟೆ ಬಿಟ್ಟು ಹೋಗಿ. ಬಿಡದಿಯಲ್ಲೂ ತಟ್ಟೆ ಇಡ್ಲಿ ಸಿಗುತ್ತದೆ, ಅದನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ.