ಹೆಡ್‌ಫೋನ್ ಹಾಕಿಕೊಂಡಿದ್ದೆ, ಗುಡುಗು ಕೇಳಿಸಲಿಲ್ಲ

ಹ್ಯಾಮ್ ರೇಡಿಯೋ (ದೂರದ ಹವ್ಯಾಸಿಗಳೊಂದಿಗೆ ನೇರವಾಗಿ ಮಾತನಾಡುವ ಹವ್ಯಾಸಿ ರೇಡಿಯೋ) ಹೊತ್ತು ಗುಡ್ಡ ಹತ್ತುವ ಗೆಳೆಯರೇ, ಹಿಂಗಾರಿನ ಗುಡುಗು ಶುರುವಾಗುವ ಮೊದಲು ಇದನ್ನು ಓದಿಬಿಡಿ.

ಕಳೆದ ಅಕ್ಟೋಬರ್‌ನ ಒಂದು ಭಾನುವಾರ ಅಕ್ಕನ ಮಗನೊಂದಿಗೆ ಉಡುಪಿಯಿಂದ ಪಾಜಕದ ಕಡೆಗೆ ಹೋಗಿದ್ದೆ. ಕುಂಜಾರುಗಿರಿಯ ಆಸುಪಾಸಿನ ಒಂದು ಬೋಳು ಪಾದೆಯ (ಬಂಡೆಯ) ನೆತ್ತಿಯಲ್ಲಿ 7 ಮೀಟರ್ ಎತ್ತರದ ಗಾಳದ ಕೋಲು ನಿಲ್ಲಿಸಿ, 40 ಮೀಟರ್ ಬ್ಯಾಂಡಿನ (ಸುಮಾರು 40 ಮೀಟರ್ ತರಂಗಾಂತರದ) ಡೈಪೋಲ್ ಎಂಬ ತಂತಿ ಆಂಟೆನಾ ಕಟ್ಟಿದೆವು. ಸುಮಾರು 20 ಮೀಟರ್ ತಂತಿ, 5 ವ್ಯಾಟ್‌ನ ಪುಟ್ಟ ರೇಡಿಯೋ. ಕೊಯಮತ್ತೂರು ಸಿಕ್ಕಿತು, ಹೈದರಾಬಾದ್ ಸಿಕ್ಕಿತು. ಅಷ್ಟು ಕಡಿಮೆ ಶಕ್ತಿಯಲ್ಲಿ ಅಷ್ಟು ದೂರ ದನಿ ಮುಟ್ಟಿದಾಗ ಆಗುವ ಹಿಗ್ಗು ಈ ಹವ್ಯಾಸದವರಿಗೆಲ್ಲ ಗೊತ್ತು.

ನಾನು ಕುಳಿತದ್ದು ಕಡಲಿಗೆ ಮುಖ ಮಾಡಿ. ಪಡುವಣ ಆಕಾಶ ತಿಳಿಯಾಗಿತ್ತು. ಈ ಕಾಲದ ಮೋಡ ಕಟ್ಟುವುದು ಬೆನ್ನ ಹಿಂದೆ, ಘಟ್ಟದ ಮೇಲೆ. ಮಧ್ಯಾಹ್ನ ಕಳೆದ ಮೇಲೆ ಅದು ಕಡಲಿನತ್ತ ಇಳಿದು ಬರುತ್ತದೆ. ಇಲ್ಲೇ ಹುಟ್ಟಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಒಮ್ಮೆಯೂ ತಿರುಗಿ ನೋಡಲಿಲ್ಲ.

ರೇಡಿಯೋ ಎಚ್ಚರಿಸಿತ್ತು. ಈ 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್‌ನಲ್ಲಿ, ನೂರಾರು ಕಿಲೋಮೀಟರ್ ಆಚೆಯ ಮಿಂಚೂ ಚಟಚಟ ಸದ್ದಾಗಿ ಕೇಳುತ್ತದೆ. ಅದನ್ನು ಕೇಳಿ ಕೇಳಿ ನಮ್ಮ ಕಿವಿ ಮರಗಟ್ಟಿರುತ್ತದೆ. ಅಂದು ಆ ಸದ್ದು ದಟ್ಟವಾದಾಗ ನಾನು ಮಾಡಿದ್ದು, ಅದನ್ನು ತಗ್ಗಿಸುವ ಗುಂಡಿಯನ್ನು ಒತ್ತಿ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಬಿಗಿಯಾಗಿ ಅದುಮಿಕೊಂಡದ್ದು. ಸ್ವಲ್ಪ ಹೊತ್ತಿಗೆ ಚಟಚಟದ ನಡುವೆ ಸುಯ್ಯೆಂಬ ಒಂದೇ ಸಮನೆಯ ದನಿ ಏರತೊಡಗಿತು. ಥಟ್ಟನೆ ನಿಂತು, ಮತ್ತೆ ಏರಿತು. ಕೇಬಲ್‌ನ ಜೋಡಣೆ ಸಡಿಲವಾಗಿದೆ ಎಂದುಕೊಂಡು ಅದನ್ನು ಬರಿಗೈಯಲ್ಲಿ ತಿರುಗಿಸಲು ಹೋದೆ. ಕಿಡಿ ಹಾರಿ ಮೊಣಕೈವರೆಗೆ ಹೊಡೆತ ಬಿತ್ತು.

ಆ ಸುಯ್ಯೆಂಬ ಸದ್ದನ್ನು ದಯವಿಟ್ಟು ನೆನಪಿಡಿ. ಮೋಡದ ವಿದ್ಯುತ್ ಸೆಳೆತಕ್ಕೆ ನಿಮ್ಮ ತಂತಿಯ, ಕೋಲಿನ ತುದಿಯಿಂದಲೇ ವಿದ್ಯುದಂಶ ಗಾಳಿಗೆ ಸೋರುವ ಸದ್ದು ಅದು. ಹತ್ತಿರದಲ್ಲೆಲ್ಲೋ ಮಿಂಚಿದಾಗ ಥಟ್ಟನೆ ನಿಲ್ಲುತ್ತದೆ.

ಹೆಡ್‌ಫೋನ್ ಕಿತ್ತೆಸೆದಾಗಲೇ ಗುಡುಗು ಕೇಳಿದ್ದು. "ಆಗಿನಿಂದ ಗುಡುಗುತ್ತಿದೆ ಮಾವ, ನಿಮಗೆ ಗೊತ್ತಿದೆ ಎಂದುಕೊಂಡೆ" ಎಂದ ಹುಡುಗ. ಅವನ ಕೈ ಗಾಳದ ಕೋಲಿನ ಮೇಲಿತ್ತು, ತೋಳಿನ ರೋಮ ನೆಟ್ಟಗೆ ನಿಂತಿತ್ತು. ಅವನನ್ನು ಎಳೆದುಕೊಂಡು ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿದೆ. ಕಾರಿನ ಬಾಗಿಲು ಹಾಕಿ ಒಂದೆರಡು ನಿಮಿಷವೂ ಆಗಿರಲಿಲ್ಲ, ಪಾದೆಯ ಕಡೆ ಬೆಳಕು ಮತ್ತು ಸದ್ದು ಒಟ್ಟಿಗೇ ಬಂದವು.

ಮರುದಿನ ಹೋಗಿ ನೋಡಿದರೆ ಕೋಲು ಉರುಳಿತ್ತು, ತಂತಿಗೆ ಏನೂ ಆಗಿರಲಿಲ್ಲ. ಮಳೆಯಲ್ಲಿ ನೆನೆದ ರೇಡಿಯೋ ಒಣಗಿದ ಮೇಲೂ ಕಿವುಡಾಗಿಯೇ ಉಳಿಯಿತು.

ಮಲ್ಪೆಯಲ್ಲಿ ಕೊಂಡ ನನ್ನ ಕೋಲು ಕಾರ್ಬನ್ ಫೈಬರಿನದು, ಅದು ವಿದ್ಯುತ್ ಹರಿಸುತ್ತದೆ. ಗ್ಲಾಸ್ ಫೈಬರ್ ಆಗಿದ್ದರೆ ಭಯವಿರಲಿಲ್ಲ ಎಂದು ಒಬ್ಬರು ಸಮಾಧಾನ ಹೇಳಿದರು. ಅದನ್ನು ನಂಬಬೇಡಿ. ಬೋಳು ಪಾದೆಯ ಮೇಲೆ ತಂತಿ ಏರಿಸಿದ ಮೇಲೆ ಕೋಲು ಯಾವುದಾದರೇನು? ಒಂದು ಕಿವಿಯನ್ನಾದರೂ ತೆರೆದಿಡಿ. ಜೊತೆಗಿರುವವರಿಗೆ ಪೂರ್ವ ದಿಕ್ಕನ್ನು ನೋಡುವ ಕೆಲಸ ಕೊಡಿ, ಸಂಶಯ ಬಂದ ಕೂಡಲೇ ಹೇಳುವಂತೆ ಮೊದಲೇ ತಿಳಿಸಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ, ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಮೊಬೈಲಿನಲ್ಲಿರಲಿ. ಮಿಂಚಿಗೂ ಗುಡುಗಿಗೂ 30 ಸೆಕೆಂಡ್ ಅಂತರವಿದ್ದರೂ ಸಿಡಿಲು 10 ಕಿಲೋಮೀಟರ್ ದೂರದಲ್ಲಷ್ಟೇ ಇದೆ, ಅಷ್ಟರೊಳಗೆ ಇಳಿದಿರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾರಿನಲ್ಲೇ ಇರಿ. ಆಂಟೆನಾ ಬಿಚ್ಚಲು ಹಿಂದೆ ಹೋಗಬೇಡಿ.

ಅಕ್ಕನಿಗೆ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅವಳು ಮಗನ ತೋಳನ್ನು ಸವರುತ್ತ ತುಂಬಾ ಹೊತ್ತು ಮಾತನಾಡಲಿಲ್ಲ.