ಒಟ್ಟು ಅಂಕ ಬೇಡ, ಗುಂಪು ನೋಡಿ: ಅಮ್ಮನಿಗಾಗಿ ಎಂಟು ತಿಂಗಳು ತುಂಬಿದ ಎನ್‌ಪಿಐ-ಕ್ಯೂ

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅಮ್ಮನಿಗಾಗಿ ಎಂಟು ತಿಂಗಳಿಂದ ಎನ್‌ಪಿಐ-ಕ್ಯೂ ಎಂಬ ಈ ಪ್ರಶ್ನಾವಳಿ ತುಂಬುತ್ತಿದ್ದೇನೆ. ವರ್ತನೆ, ಮನಸ್ಥಿತಿಯಲ್ಲಿ ಆಗುವ ಬದಲಾವಣೆಗಳನ್ನು ಇದು ಕೇಳುತ್ತದೆ. 1994ರಲ್ಲಿ ಜೆಫ್ರಿ ಕಮ್ಮಿಂಗ್ಸ್ ಮತ್ತು ಸಂಗಡಿಗರು ರೂಪಿಸಿದ ನ್ಯೂರೋಸೈಕಿಯಾಟ್ರಿಕ್ ಇನ್ವೆಂಟರಿಯ ಚಿಕ್ಕ ರೂಪ ಇದು. ಉತ್ತರಿಸಬೇಕಾದವರು ನೋಡಿಕೊಳ್ಳುವವರು. ಕಳೆದ ತಿಂಗಳ ಬಗ್ಗೆ 12 ಪ್ರಶ್ನೆ. ಲಕ್ಷಣ ಇದ್ದರೆ ತೀವ್ರತೆಗೆ 1ರಿಂದ 3, ಅದರಿಂದ ನಮಗಾಗುವ ಸಂಕಟಕ್ಕೆ 0ರಿಂದ 5. ಮೊದಲ ಸಲ ಆ ಸಂಕಟದ ಕಾಲಂ ನೋಡಿ ಅತ್ತುಬಿಟ್ಟೆ. ನಿನಗೆ ಹೇಗಾಗ್ತಿದೆ ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮುಂಚೆ ಡಾಕ್ಟರ ಹತ್ತಿರ ನಾನು ಹೇಳುತ್ತಿದ್ದುದು ಒಂದೇ ಮಾತು: "ಅಮ್ಮಂದು ತುಂಬಾ ಗಲಾಟೆ." ಯಾರೋ ದುಡ್ಡು ಕದ್ದರು ಅನ್ನುವುದು, ಕಪಾಟಿನ ಬಟ್ಟೆ ಇಪ್ಪತ್ತು ಸಲ ತೆಗೆದು ಮಡಚುವುದು, ರಾತ್ರಿ ಓಡಾಡುವುದು ಎಲ್ಲವೂ ಆ 'ಗಲಾಟೆ'ಯೊಳಗೇ. ಡಾಕ್ಟರು ನಾನು ತುಂಬಿದ ಹಾಳೆಗೆ ನಾಲ್ಕು ಬಣ್ಣ ಹಚ್ಚಿದರು. ಸುಳ್ಳು ನಂಬಿಕೆ, ಇಲ್ಲದ್ದು ಕಾಣುವುದು ಒಂದು ಬಣ್ಣ. ಖಿನ್ನತೆ, ಆತಂಕ ಇನ್ನೊಂದು. ಕೆರಳುವುದು, ಸಿಡುಕು, ಮಾಡಿದ್ದನ್ನೇ ಮಾಡುವುದು ಮತ್ತೊಂದು. ನಿರಾಸಕ್ತಿ ಬೇರೆಯೇ. ನಿದ್ದೆ, ಊಟದ ಪ್ರಶ್ನೆಗಳನ್ನು ಒಂದೊಂದು ಅಧ್ಯಯನ ಒಂದೊಂದು ಗುಂಪಿಗೆ ಸೇರಿಸುತ್ತದಂತೆ.

ಈ ಬಣ್ಣಗಳಿಂದ ಸಿಕ್ಕ ದೊಡ್ಡ ಉಪಕಾರ ಮೂರನೇ ತಿಂಗಳಲ್ಲಿ. ಅಮ್ಮ ಸುಮ್ಮನೆ ಕೂತೇ ಇರುತ್ತಿದ್ದಳು. "ಪಾಪ, ಬೇಜಾರು ಮಾಡ್ಕೊಂಡಿದ್ದಾಳೆ" ಅಂದುಕೊಂಡಿದ್ದೆವು. ಆದರೆ ದುಃಖದ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗ ಹೊಳೆಯಿತು: ಅಳುವಿಲ್ಲ, ಕೊರಗಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಅಷ್ಟೇ. ಡಾಕ್ಟರು ಖಿನ್ನತೆಯ ಮಾತ್ರೆ ಹೆಚ್ಚಿಸಲಿಲ್ಲ. ಕೆಲಸವನ್ನು ನೀವೇ ಶುರು ಮಾಡಿಕೊಡಿ ಅಂದರು. ನಾನು ಒಂದು ಟವೆಲ್ ಅರ್ಧ ಮಡಚಿ ಕೈಗಿಟ್ಟರೆ ಅಮ್ಮ ಉಳಿದರ್ಧ ಮಡಚುತ್ತಾಳೆ, ಆಮೇಲೆ ಮುಂದಿನದಕ್ಕೆ ಕೈ ಚಾಚುತ್ತಾಳೆ.

ತೀವ್ರತೆಯ ಅಂಕಗಳನ್ನೆಲ್ಲ ಕೂಡಿದ ಒಟ್ಟು ಅಂಕವೊಂದನ್ನೇ ನಂಬಬೇಡಿ. ಐದನೇ ತಿಂಗಳು ಅದು 14ರಿಂದ 9ಕ್ಕೆ ಇಳಿಯಿತು. ನನ್ನ ತಮ್ಮ ಫೋನಿನಲ್ಲಿ "ಕಮ್ಮಿ ಆಯ್ತಲ್ಲಕ್ಕಾ" ಅಂತ ಖುಷಿಪಟ್ಟ. ಡಾಕ್ಟರ ಕಣ್ಣು ಬಿದ್ದದ್ದು ಹೊಸದಾಗಿ 'ಹೌದು' ಆಗಿದ್ದ ಒಂದೇ ಸಾಲಿನ ಮೇಲೆ: ಮೂಲೆಯಲ್ಲಿ ಮಕ್ಕಳು ಕೂತಿರುವುದು ಅಮ್ಮನಿಗೆ ಕಾಣುತ್ತಿತ್ತು. ನಡಿಗೆ ನಿಧಾನವಾಗಿದೆಯಾ, ಕೈ ನಡುಗುತ್ತಾ ಅಂತ ತುಂಬಾ ಹೊತ್ತು ಕೇಳಿದರು. ಇಲ್ಲದ್ದು ಕಾಣುವುದರ ಜೊತೆ ನಡಿಗೆ ನಿಧಾನ, ನಡುಕವೂ ಬರಬಹುದಾದ ಲೆವಿ ಬಾಡಿ ಡಿಮೆನ್ಷಿಯಾ ಎಂಬ ಬಗೆ ಆಗಿದ್ದರೆ ಭ್ರಮೆಗೆ ಕೊಡುವ ಕೆಲವು ಮಾತ್ರೆಗಳೇ ಅಪಾಯ ತರುತ್ತವೆ.

ಒಂದು ಕೊರತೆ ನನ್ನನ್ನು ನಿಜಕ್ಕೂ ಕಾಡಿದೆ. ಸಹಾಯ ಬೇಡ ಅನ್ನುವುದು, ಹೊಡೆಯಲು ಬರುವುದು ಎರಡೂ ಒಂದೇ ಪ್ರಶ್ನೆಯಡಿ. ಯಾವಾಗ, ಯಾಕೆ ಅಂತ ಬರೆಯಲು ಜಾಗವೇ ಇಲ್ಲ. ಸ್ನಾನದ ಹೊತ್ತಿನ ಜಗಳಕ್ಕೆ ಎರಡು ತಿಂಗಳು 3 ಅಂಕ ಹಾಕಿದೆ. ಆಮೇಲೆ ಅಂಚಿನಲ್ಲಿ ನಾನೇ ಬರೆಯತೊಡಗಿದೆ: "ಬಟ್ಟೆ ಬಿಚ್ಚುವಾಗ ಮಾತ್ರ, ಬಲಗೈ ಎತ್ತಿದಾಗ." ಭುಜ ನೋಯುತ್ತಿತ್ತು ಅಮ್ಮನಿಗೆ. ಹೇಳಲು ಮಾತು ಸಿಗುತ್ತಿರಲಿಲ್ಲ.

ಈ ಪ್ರಶ್ನಾವಳಿಗೆ ನಾನು ಕೊಡುವ ಅಂಕ ಐದಕ್ಕೆ ನಾಲ್ಕು. ಅಂಚು ಖಾಲಿ ಬಿಡಬೇಡಿ.