ಪೂರ್ವಜರ ಹಡಗಿನ ‘ಅಸಲಿ ಪಟ್ಟಿ’ ಮಾರುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ

ಅಮೆರಿಕದಲ್ಲಿರುವ ಕನ್ನಡದವರಿಗೆ, ಅದರಲ್ಲೂ ಇಲ್ಲಿಯವರನ್ನು ಮದುವೆಯಾದವರಿಗೆ ಇದನ್ನು ಬರೆಯುತ್ತಿದ್ದೇನೆ. "ನಿಮ್ಮ ಮನೆತನದವರು ಬಂದ ಹಡಗಿನ ಅಸಲಿ ಪ್ರಯಾಣಿಕರ ಪಟ್ಟಿ ಹುಡುಕಿ ಕೊಡ್ತೀವಿ" ಅನ್ನೋ ಜಾಹೀರಾತು ಕಂಡರೆ ಮುಟ್ಟಲೇಬೇಡಿ. ನನಗೆ ಸರಿಯಾಗಿ ಟೋಪಿ ಹಾಕಿದ್ದಾರೆ. ದುಡ್ಡು ಹೋದದ್ದಕ್ಕಿಂತ ನನ್ನ ಮಾವನ ಎದುರು ಆದದ್ದು ಜಾಸ್ತಿ ಉರಿಯುತ್ತಿದೆ.

ನನ್ನ ಗಂಡನ ಮನೆಯವರು ಮೂಲದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. 1817ರಲ್ಲಿ ಬಂದವರು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು. ತಿನ್ನಲು ಗತಿಯಿಲ್ಲದೆ ಸಾವಿರಾರು ಜನ ರೈನ್ ನದಿ ಹಿಡಿದು ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ಹಡಗು ಹತ್ತಿದರು. ಕೈಯಲ್ಲಿ ಕಾಸಿಲ್ಲದವರದು ಬೇರೆ ಕರಾರು. ಫಿಲಡೆಲ್ಫಿಯಾ ತಲುಪಿದ ಮೇಲೆ ಅವರ ಹಡಗಿನ ಸಾಲವನ್ನು ಯಾರಾದರೂ ಕಟ್ಟಬೇಕು, ಇವರು ಅವರ ಮನೆಯಲ್ಲಿ ವರ್ಷಗಟ್ಟಲೆ ದುಡಿದು ತೀರಿಸಬೇಕು. ಹಾಗೆ ಕಟ್ಟುವವರು ಸಿಗುವ ತನಕ ಹಡಗಿನಿಂದ ಇಳಿಯೋಕೂ ಬಿಡುತ್ತಿರಲಿಲ್ಲ. ಮಾವನ ಹಿರಿಯರು ಬಂದದ್ದು ಹಾಗೇ. ಅದನ್ನು ಹೇಳುವಾಗ ಅವರ ಗಂಟಲು ಈಗಲೂ ಕಟ್ಟುತ್ತದೆ.

ಅವರ ಹುಟ್ಟುಹಬ್ಬಕ್ಕೆ ಈ ಪಟ್ಟಿ ಕೊಡೋಣ ಅಂದುಕೊಂಡೆ. ಹೆಸರು, ಊರು, ವರ್ಷ, ಫಿಲಡೆಲ್ಫಿಯಾ ಅಂತ ಎಲ್ಲಾ ಬರೆದು ಕಳಿಸಿದೆ. ಕೂಡಲೇ ಉತ್ತರ: "ಸಿಕ್ಕಿದೆ ಮೇಡಂ! ನಿಮ್ಮ ಅದೃಷ್ಟ, ತುಂಬಾ ಅಪರೂಪದ್ದು." 300 ಡಾಲರ್, ಫ್ರೇಮಿಗೆ ಬೇರೆ.

ನೋಡೋಕೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಕಂದು ಕಾಗದ, ಅಂಚು ಸುಟ್ಟ ಹಾಗೆ, ಕೆಂಪು ಅರಗಿನ ಮುದ್ರೆ. ಮೇಲೆ ದೊಡ್ಡ ಹಡಗಿನ ಚಿತ್ರ. ಮಾವ ಕನ್ನಡಕ ಹಾಕಿಕೊಂಡು, ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದರು. ಮನೆತನದ ಹೆಸರು ಸಿಕ್ಕಿದ ಕಡೆ ಬೆರಳು ನಿಂತಿತು. ಕಣ್ಣು ತುಂಬಿತ್ತು.

ಆಗ ಅವರ ತಂಗಿ ಹತ್ತಿರ ಬಂದರು. ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವರು. ಮೆಲ್ಲಗೆ ಕೇಳಿದರು, "ಎಲ್ಲಿಸ್ ಐಲ್ಯಾಂಡ್ ಶುರುವಾದದ್ದು 1892ರಲ್ಲಿ ಅಲ್ವಾ?" ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ದ್ವೀಪ ಅದು. ಪಟ್ಟಿಯ ಮೂಲೆಯಲ್ಲಿ ಎಲ್ಲಿಸ್ ಐಲ್ಯಾಂಡ್, 1817 ಅಂತ ಸೀಲು. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಚಿತ್ರದ ಹಡಗಿಗೆ ನಾಲ್ಕು ಹೊಗೆಗೊಳವೆ! 1817ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದದ್ದು ಹಾಯಿ ಹಡಗುಗಳು. ಸವಾನ್ನಾ ಅನ್ನೋ ಹಡಗು ಉಗಿ ಯಂತ್ರ ಇಟ್ಟುಕೊಂಡು ದಾಟಿದ್ದೇ 1819ರಲ್ಲಿ, ಅದೂ ಬಹುಪಾಲು ಹಾಯಿಯ ಮೇಲೇ. ಪಟ್ಟಿಯಲ್ಲಿ "ಕೈಯಲ್ಲಿರುವ ಹಣ", "ಯಾರ ಮನೆಗೆ ಹೋಗುತ್ತಿದ್ದೀರಿ" ಅನ್ನೋ ಕಾಲಂ ಬೇರೆ. ಅವು ಬಂದದ್ದು 1893ರ ಕಾನೂನಿನಿಂದ.

ಎಲ್ಲಕ್ಕಿಂತ ಕೆಟ್ಟದ್ದು, ಹೆಸರಿನ ಪಕ್ಕ "ಕ್ಯಾಬಿನ್ ಪ್ರಯಾಣಿಕ" ಅಂತ ಇತ್ತು. ಮಾವ ಅದನ್ನೇ ನೋಡುತ್ತಾ ಕೇಳಿದರು, "ಕ್ಯಾಬಿನ್ನಲ್ಲಿ ಬರುವಷ್ಟು ದುಡ್ಡಿದ್ದರೆ ಅವರು ಯಾಕೆ ಇನ್ನೊಬ್ಬರ ಹೊಲದಲ್ಲಿ ದುಡಿದರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟೂ ನೆಂಟರ ಮುಂದೆ ತಲೆ ಎತ್ತೋಕೆ ಆಗಲಿಲ್ಲ. "ಇರಲಿ ಬಿಡಮ್ಮ, ನೀನು ಪ್ರೀತಿಯಿಂದ ತಂದದ್ದು" ಅಂದರು. ಬೈದಿದ್ದರೇ ವಾಸಿಯಿತ್ತು.

ಡೆಕ್ಕಿನ ಕೆಳಗೆ, ಗಾಳಿ ಬೆಳಕಿಲ್ಲದ ಕಡೆ, ಹಲಗೆಯ ಮೇಲೆ ಒತ್ತಿಕೊಂಡು ಮಲಗಿ ವಾರಗಟ್ಟಲೆ ಬಂದವರು ಅವರು. ಟೈಫಸ್ ಜ್ವರ ಬಂದರೆ ಹೆಣ ಸಮುದ್ರಕ್ಕೆ. ಆ ಕಷ್ಟವನ್ನೇ ಅಳಿಸಿ ಕ್ಯಾಬಿನ್ ಅಂತ ಬರೆದು ಮಾರಿದರಲ್ಲ, ಎಂಥಾ ಜನ ಇವರು!

ಮಾರಿದವರ ಉತ್ತರ ಕೇಳಿ. ಮೊದಲು, "ಸೀಲು ಅಲಂಕಾರಕ್ಕೆ ಹಾಕಿದ್ದು ಮೇಡಂ." ಫಿಲಡೆಲ್ಫಿಯಾ ಅಂದಿದ್ದೆನಲ್ಲ, ನ್ಯೂಯಾರ್ಕ್ ಯಾಕೆ ಅಂದೆ. "ಹಳೇ ದಾಖಲೆಗಳಲ್ಲಿ ಚಿಕ್ಕಪುಟ್ಟ ವ್ಯತ್ಯಾಸ ಇರುತ್ತೆ." ಮೂಲ ತೋರಿಸಿ ಅಂದೆ. "ಮೂಲ ಎಲ್ಲಿಸ್ ಐಲ್ಯಾಂಡ್ ಬೆಂಕಿಯಲ್ಲಿ ಹೋಯ್ತು." ಅಲ್ಲಿ 1897ರಲ್ಲಿ ಬೆಂಕಿ ಬಿದ್ದದ್ದು ನಿಜ. ಮೂಲ ಸುಟ್ಟುಹೋಗಿದ್ದರೆ ಇವರು ಯಾವುದನ್ನು ನೋಡಿ ಬರೆದರು? ಅದಕ್ಕೆ ಉತ್ತರವೇ ಇಲ್ಲ. ಕೊನೆಗೆ, "ನಿಮ್ಮ ಹೆಸರು ಹಾಕಿ ಮಾಡಿದ ವಸ್ತು, ರಿಫಂಡ್ ಇಲ್ಲ. ಬೇರೆ ಗ್ರಾಹಕರೆಲ್ಲ ಖುಷಿಯಾಗಿದ್ದಾರೆ." ಅಸಲಿ ಅಂತ ಮಾರಿ, ಅಲಂಕಾರ ಅನ್ನುತ್ತಾರೆ! ಅಸಲಿ ಅಂತ ಹೇಳಿ ಮಾರಿದ್ದು!

ಬಂದವರ ಹೆಸರನ್ನು ಹಡಗಿನ ಕ್ಯಾಪ್ಟನ್ ಬರೆದು ಕಸ್ಟಮ್ಸ್ ಅಧಿಕಾರಿಗೆ ಕೊಡಬೇಕು ಅಂತ ಅಮೆರಿಕ ಸರ್ಕಾರ ಹೇಳಿದ್ದೇ 1819ರ ಮಾರ್ಚ್ 2ರ ಕಾನೂನಿನಲ್ಲಿ. ಹಾಗಾಗಿ ಆ ಪಟ್ಟಿಗಳು ಶುರುವಾಗುವುದು 1820ರಿಂದ. ಅದಕ್ಕೂ ಹಿಂದಿನದು ಕೆಲವು ಕಡೆ ಮಾತ್ರ ಇದೆ. ಫಿಲಡೆಲ್ಫಿಯಾದಲ್ಲಿ ಬಟ್ಟೆಬರೆ, ಕಸುಬಿನ ಸಾಮಾನಿಗೆ ಸುಂಕ ಇರಲಿಲ್ಲ. ಆ ವಿನಾಯಿತಿ ಕೊಡೋಕೆ 1800ರಿಂದ 1819ರವರೆಗೆ ಪ್ರಯಾಣಿಕರ ಹೆಸರಿನ ಜೊತೆ ಸಾಮಾನಿನ ಪಟ್ಟಿ ಬರೆದಿಟ್ಟಿದ್ದಾರೆ. ಅಮೆರಿಕ ಸರ್ಕಾರದ ದಾಖಲೆ ಸಂಗ್ರಹ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಯಾರು ಬೇಕಾದರೂ ನೋಡಬಹುದು, ವಂಶದ ದಾಖಲೆ ಹುಡುಕುವ ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಹುಡುಕೋಕೂ ಕಾಸು ಕೇಳಲ್ಲ. ದುಡ್ಡು ಕೊಡುವ ಮೊದಲು ಯಾವ ಬಂದರಿನ, ಯಾವ ಮೈಕ್ರೋಫಿಲ್ಮ್ (ಹಳೇ ದಾಖಲೆಗಳ ಫೋಟೋ ತೆಗೆದಿಟ್ಟ ಫಿಲ್ಮ್) ರೋಲಿನದು ಅಂತ ಕೇಳಿ. ಹೇಳದಿದ್ದರೆ ಮಾತು ಮುಂದುವರಿಸಬೇಡಿ.

ಕಾರ್ಡ್ ಕಂಪನಿಗೆ ದೂರು ಕೊಟ್ಟಿದ್ದೇನೆ. ಮಾವನ ತಂಗಿ ಮತ್ತು ನಾನು ಈಗ ಆ ಸಾಮಾನಿನ ಪಟ್ಟಿಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. ಹೆಸರು ಇನ್ನೂ ಸಿಕ್ಕಿಲ್ಲ. ಆ ಜಾಹೀರಾತು ಮಾತ್ರ ನಿನ್ನೆಯೂ ಬಂತು, ಅದೇ ನಾಲ್ಕು ಹೊಗೆಗೊಳವೆಯ ಹಡಗು, ಮೇಲೆ ಇನ್ಯಾವುದೋ ಮನೆತನದ ಹೆಸರು.